ಗೋವಿನಜೋಳದ ಹೊಲಕ್ಕೆ ಯಾವ ಏರ್ ರೈಫಲ್ ತಗೊಳ್ಳಲಿ?

ಪ್ರಶ್ನೆ: ಸರ್, ನಮ್ಮದು ರಾಣೆಬೆನ್ನೂರು ತಾಲೂಕು. ಆರು ಎಕರೆ ಗೋವಿನಜೋಳ, ಎರಡು ಎಕರೆ ಶೇಂಗಾ ಇದೆ. ರಾತ್ರಿ ಕಾಡುಹಂದಿ, ಬೆಳಗ್ಗೆ ಗಿಳಿ, ನವಿಲು, ಆಗಾಗ ಚಿಗರಿ ಹಿಂಡು. ಮನೆ ಪಕ್ಕದ ಗೋದಾಮಿನಲ್ಲಿ ಇಲಿ, ಹೆಗ್ಗಣದ ಕಾಟ ಬೇರೆ. ಏರ್ ಗನ್‌ಗೆ ಲೈಸೆನ್ಸ್ ಬೇಡ ಅಂತಾರೆ. 15 ಸಾವಿರದೊಳಗೆ ಒಂದು ಸ್ಪ್ರಿಂಗ್ ಗನ್ ತಗೊಳ್ಳಲೋ, ಸಾಲ ಮಾಡಿಯಾದರೂ 50 ಸಾವಿರದ ಪಿಸಿಪಿ (ಟ್ಯಾಂಕಿಗೆ ಗಾಳಿ ತುಂಬಿ ಹೊಡೆಯುವ ರೈಫಲ್) ತಗೊಳ್ಳಲೋ? ".177 ಬೇಡ, .22 ತಗೋ, ಹಂದಿ ಬೀಳುತ್ತೆ" ಅಂತ ಗೆಳೆಯ ಹೇಳುತ್ತಾನೆ. ಹಬ್ಬಕ್ಕೆ ಒಂದು ಮೊಲಾನೋ ಕೌಜುಗಾನೋ ಸಿಕ್ಕರೆ ಅದೂ ಆಯ್ತು. ಯಾವುದು ಒಳ್ಳೇದು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದ ಪಟ್ಟಿಯಲ್ಲಿ ಏರ್ ರೈಫಲ್ ಕೆಲಸಕ್ಕೆ ಬರುವುದು ಒಂದಕ್ಕೇ, ಗೋದಾಮಿನ ಇಲಿ ಹೆಗ್ಗಣಕ್ಕೆ. ಹಂದಿಗೆ ಅಲ್ಲ, ಚಿಗರಿಗೆ ಅಲ್ಲ, ನವಿಲು, ಗಿಳಿ, ಮೊಲ, ಕೌಜುಗ ಯಾವುದಕ್ಕೂ ಅಲ್ಲ. ಬರೀ ಇಲಿಗೆ ಅಂದಮೇಲೆ 50 ಸಾವಿರ ಬೇಡ, ಸಾಲ ಅಂತೂ ಬೇಡವೇ ಬೇಡ.

ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಏರ್ ರೈಫಲ್ ರಿಪೇರಿ ಮಾಡುತ್ತಿದ್ದೇನೆ. ಸಂಜೆ ಹುಡುಗರಿಗೆ 10 ಮೀಟರ್ ಶೂಟಿಂಗ್ ಕಲಿಸುತ್ತೇನೆ. ಕುಂದಗೋಳದ ಕಡೆ ನಮ್ಮದೂ ನಾಲ್ಕು ಎಕರೆ ಹೊಲ ಇದೆ, ಬೆಳೆದು ನಿಂತ ತೆನೆಯನ್ನು ಒಂದೇ ರಾತ್ರಿಯಲ್ಲಿ ಹಂದಿ ನೆಲಕ್ಕೆ ಕೆಡವಿದ್ದನ್ನು ಬೆಳಗ್ಗೆ ಎದ್ದು ನೋಡಿದವನು ನಾನೂ ಹೌದು. ಅದಕ್ಕೇ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಿಟ್ಟಿನಲ್ಲಿ ತಗೊಂಡ ಬಂದೂಕು ನನ್ನ ಮೇಜಿನ ಮೇಲೆ ಬಹಳ ಸಲ ಬಂದಿದೆ, ಅದರ ಹಿಂದಿನ ಕಥೆ ಕೇಳಿದಾಗಲೆಲ್ಲ ಬೇಜಾರಾಗಿದೆ.

ಮೊದಲು ಲೈಸೆನ್ಸ್ ವಿಷಯ. ಲೈಸೆನ್ಸ್ ಬೇಡ ಅನ್ನೋದು ಅರ್ಧ ಸತ್ಯ. ಎರಡು ಮಿತಿ ಇವೆ. ನಳಿಗೆಯ ಅಳತೆ 4.5 ಮಿ.ಮೀ. ಒಳಗಿರಬೇಕು, ಅಂದರೆ .177 ಇಂಚು. ಪೆಲೆಟ್ ಅಂದರೆ ಇದರಲ್ಲಿ ಹಾಕುವ ಸೀಸದ ಸಣ್ಣ ಗುಂಡು; ನಳಿಗೆಯಿಂದ ಹೊರಬೀಳುವಾಗ ಪೆಲೆಟ್‌ನ ಶಕ್ತಿ 20 ಜೌಲ್ ದಾಟಬಾರದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇದು ಸ್ಪಷ್ಟ ಇದೆ. ಎರಡರಲ್ಲಿ ಒಂದು ದಾಟಿದರೂ ಲೈಸೆನ್ಸ್ ಬೇಕು. ನಿಮ್ಮ ಗೆಳೆಯ ಹೇಳುವ .22 ಅಂದರೆ 5.5 ಮಿ.ಮೀ., ಅದು ಅಳತೆಯಲ್ಲೇ ಹೊರಗೆ ಹೋಯಿತು. "ಯಾರೂ ಕೇಳಲ್ಲ, ತಗೊಂಡು ಹೋಗಿ" ಅಂತ ಯಾರಾದರೂ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ನಾಳೆ ಪೊಲೀಸರು ಹಿಡಿದಾಗ ಕೊಟ್ಟವನು ಜೊತೆಗೆ ಬರುವುದಿಲ್ಲ.

ಈಗ ಈ 20 ಜೌಲ್ ಅಂದರೆ ಎಷ್ಟು ಅಂತ ನೋಡ್ರಿ. ಸಾಮಾನ್ಯ .177 ಪೆಲೆಟ್‌ನ ತೂಕ ಅರ್ಧ ಗ್ರಾಂ, ಸರಿಯಾಗಿ ಹೇಳಬೇಕೆಂದರೆ 0.53 ಗ್ರಾಂ ಸುತ್ತಮುತ್ತ. ಅದು ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 15 ಜೌಲ್. 270 ಮೀಟರ್ ವೇಗ ಸಿಕ್ಕರೆ 19 ಚಿಲ್ಲರೆ. ಅಲ್ಲಿಗೆ ಮಿತಿ ಮುಗಿಯಿತು. .22 ರಿಮ್‌ಫೈರ್ ಅಂತ ಲೈಸೆನ್ಸ್ ಇರುವ ಸಣ್ಣ ರೈಫಲ್ ಇದೆಯಲ್ಲ, ಅದರದ್ದೇ ಸುಮಾರು 150 ಜೌಲ್. 12 ಬೋರ್ ಬಂದೂಕಿನದು 2,000 ದಾಟುತ್ತದೆ. ಈಗ ಎಂಬತ್ತು ಕಿಲೋ ತೂಗುವ, ಭುಜದ ಮೇಲೆ ಬೆರಳು ದಪ್ಪದ ಚರ್ಮ ಇರುವ ಸಲಗ ಹಂದಿಯನ್ನು 15 ಜೌಲ್‌ನಲ್ಲಿ ಬೀಳಿಸುತ್ತೇನೆ ಅನ್ನುವುದು ಆಗದ ಮಾತು.

ಬೀಳುವುದಿಲ್ಲ, ಆದರೆ ಗಾಯ ಆಗುತ್ತದೆ. ನನಗೆ ಹೆಚ್ಚು ನೋವು ಕೊಡುವುದು ಇದೇ. ಪೆಲೆಟ್ ಚರ್ಮದ ಕೆಳಗೆ ಹೋಗಿ ಕೂತುಕೊಳ್ಳುತ್ತದೆ, ಒಂದು ವಾರಕ್ಕೆ ಕೀವಾಗುತ್ತದೆ. ಹಂದಿ ಸಾಯುವುದಿಲ್ಲ, ಬದುಕುವುದೂ ಇಲ್ಲ. ನೋವು ತಿಂದ ಹಂದಿ ಹಗಲು ಹೊತ್ತು ಕಬ್ಬಿನಲ್ಲೋ ಜೋಳದಲ್ಲೋ ಮಲಗಿರುತ್ತದೆ, ಅಲ್ಲಿಗೆ ಕಸ ತೆಗೆಯಲು ಹೆಣ್ಣುಮಕ್ಕಳು ಬರುತ್ತಾರೆ. ಆಮೇಲೆ ಏನಾಗಬಹುದು ಅಂತ ಹಳ್ಳಿಯವರಿಗೆ ನಾನು ಹೇಳಬೇಕಿಲ್ಲ.

ನಾಲ್ಕೈದು ವರ್ಷದ ಹಿಂದೆ ಒಬ್ಬರು ರೈಫಲ್ ರಿಪೇರಿಗೆ ತಂದಿದ್ದರು. ಮಾತಾಡುತ್ತಾ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ನವಿಲು, ಗಂಡು, ಒಂದು ಕಾಲು ಮಡಚಿ ಬದುವಿನ ಮೇಲೆ ಕೂತಿದೆ. ಓಡಿಸಲು ಸುಮ್ನೆ ಒಂದು ಹೊಡೆದರಂತೆ. ಮೂರು ದಿನ ಅಲ್ಲೇ ಇತ್ತಂತೆ, ನಾಲ್ಕನೇ ದಿನ ನಾಯಿ ಎಳೆದುಕೊಂಡು ಹೋಯಿತಂತೆ. ಹೇಳುವಾಗ ಅವರ ದನಿಯೇ ಇಳಿದುಹೋಗಿತ್ತು. ಕೆಟ್ಟ ಮನುಷ್ಯ ಅಲ್ಲ ಅವರು. ಏರ್ ಗನ್ ಅಂದರೆ ಕಲ್ಲು ಹೊಡೆದ ಹಾಗೆ, ಹೆದರಿ ಓಡುತ್ತೆ ಅಷ್ಟೇ ಅಂದುಕೊಂಡಿದ್ದರು. ಹಾಗಲ್ಲ. ಹಂದಿಯನ್ನು ಕೊಲ್ಲಲು ಅದರ ಶಕ್ತಿ ಸಾಲದು, ಹಕ್ಕಿಯನ್ನು ಬರೀ ಹೆದರಿಸಲು ಆ ಶಕ್ತಿ ಬಹಳ ಜಾಸ್ತಿ.

ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯ ಮಾಡುವುದು, ಬಲೆ ಹಾಕುವುದು, ಉರುಳು ಒಡ್ಡುವುದು, ವಿಷ ಇಡುವುದು, ಇವುಗಳ ಪ್ರಯತ್ನ, ಎಲ್ಲವೂ ಬೇಟೆಯೇ. ಚಿಗರಿ ಅಂದರೆ ಕೃಷ್ಣಮೃಗ, ಅದೂ ನವಿಲೂ ಮೊದಲನೇ ಅನುಸೂಚಿಯಲ್ಲಿವೆ. ಅವಕ್ಕೆ ಕೈ ಹಾಕಿದರೆ ಕಡಿಮೆ ಅಂದರೂ ಮೂರು ವರ್ಷ, ಏಳು ವರ್ಷದವರೆಗೆ ಜೈಲು. ಮೇಲೆ 25 ಸಾವಿರಕ್ಕೆ ಕಡಿಮೆ ಇಲ್ಲದ ದಂಡ. ಕಾಡುಹಂದಿ, ಗಿಳಿ, ಮೊಲ, ಕೌಜುಗ ಇವೂ ರಕ್ಷಣೆಯ ಪಟ್ಟಿಯಲ್ಲೇ ಇವೆ. ಅಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹಾಗಾಗಿ ಹಬ್ಬದ ಮೊಲದ ಆಸೆ ಇಲ್ಲಿಗೇ ಬಿಟ್ಟುಬಿಡಿ. ನಿಮ್ಮ ತಾಲೂಕಿನಲ್ಲೇ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯ ಇದೆ, 1974ರಿಂದ. ನಮ್ಮ ಹುಬ್ಬಳ್ಳಿ ಧಾರವಾಡದಲ್ಲಿ ಓಡುವ ಬಸ್ಸಿಗೇ ಚಿಗರಿ ಅಂತ ಹೆಸರಿಟ್ಟಿದ್ದೇವೆ, ಅಷ್ಟು ನಮ್ಮದು ಆ ಪ್ರಾಣಿ.

ಇನ್ನೊಂದು ಗೊಂದಲ. ಬೆಳೆ ರಕ್ಷಣೆಗೆ ಅಂತ ಮುಂದಿನಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಸಿಗುತ್ತದೆ, ಅದು ನಿಜ. ಆದರೆ ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. ಬೆಳೆ ಹಾಳು ಮಾಡುವ ಹಂದಿಯ ವಿಷಯದಲ್ಲಿ ಅರಣ್ಯ ಇಲಾಖೆಯ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಡಬಹುದು, ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅದಕ್ಕೆ ದಾರಿ ಇದೆ. ಕಾಗದ ಕೈಗೆ ಬರದೆ ಏನೂ ಮಾಡುವ ಹಾಗಿಲ್ಲ. ಬಂದರೂ ಅದು ಏರ್ ಗನ್ನಿನ ಕೆಲಸ ಅಲ್ಲ.

ಇನ್ನು ಇಲಿಯ ವಿಷಯಕ್ಕೆ ಬರುತ್ತೇನೆ. ಮನೆ ಇಲಿ, ಹೊಲದ ಇಲಿ, ಹೆಗ್ಗಣ ಇವಕ್ಕೆ ಆ ಪಟ್ಟಿಯ ಅಡ್ಡಿ ಇಲ್ಲ. ಗೋದಾಮಿನಲ್ಲಿ ನೀವು ಹೊಡೆಯುವ ದೂರ ಎಂಟರಿಂದ ಹದಿನೈದು ಮೀಟರ್. ಅಷ್ಟು ದೂರದಲ್ಲಿ ಇಲಿಯನ್ನು ಒಂದೇ ಏಟಿಗೆ ಮುಗಿಸಲು 10 ಜೌಲ್ ಧಾರಾಳ ಸಾಕು. ಇಲ್ಲಿ ಬೇಕಾದ್ದು ಜೋರಲ್ಲ, ಗುರಿ. ಇಲಿಯ ತಲೆ ಎಷ್ಟಿರುತ್ತದೆ? ಎರಡು, ಎರಡೂವರೆ ಸೆಂ.ಮೀ. ಅಂದರೆ ಒಂದು ರೂಪಾಯಿ ನಾಣ್ಯದಷ್ಟು. ನಿಮ್ಮ ರೈಫಲ್, ನಿಮ್ಮ ಕೈ ಎರಡೂ ಸೇರಿ ಹತ್ತಕ್ಕೆ ಹತ್ತು ಆ ನಾಣ್ಯಕ್ಕೆ ಬೀಳುವಷ್ಟು ದೂರವೇ ನಿಮ್ಮ ದೂರ. ಅದಕ್ಕಿಂತ ಆಚೆ ಹೊಡೆಯಬೇಡಿ.

ರೈಫಲ್‌ಗಳ ಹೋಲಿಕೆ ಮಾಡೋಣ. ಮೂರು ಜಾತಿ ನಿಮ್ಮ ಕಣ್ಣಿಗೆ ಬೀಳುತ್ತವೆ: ಸ್ಪ್ರಿಂಗ್, ಗ್ಯಾಸ್ ರ‍್ಯಾಮ್, ಪಿಸಿಪಿ.

ಸ್ಪ್ರಿಂಗ್ ರೈಫಲ್‌ನಲ್ಲಿ ನಳಿಗೆಯನ್ನು ಕೆಳಗೆ ಬಗ್ಗಿಸಿದರೆ ಒಳಗೆ ಪಿಸ್ಟನ್ ಹಿಂದೆ ಹೋಗಿ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಹಿಂಡಿ ಪೆಲೆಟ್ಟನ್ನು ತಳ್ಳುತ್ತದೆ. ಪಂಪ್ ಬೇಡ, ಸಿಲಿಂಡರ್ ಬೇಡ. ಮಳೆಗಾಲ, ಧೂಳು, ಹಳ್ಳಿಯ ಬಳಕೆ ಎಲ್ಲವನ್ನೂ ತಡೆಯುತ್ತದೆ. ಹಳೆಯ ಡಯಾನಾ ರೈಫಲ್‌ಗಳು ಅಜ್ಜನ ಕಾಲದಿಂದ ಮೊಮ್ಮಗನವರೆಗೆ ಬಂದದ್ದನ್ನು ನಾನೇ ಬಿಚ್ಚಿ ಸೀಲ್ ಬದಲಿಸಿ ಕೊಟ್ಟಿದ್ದೇನೆ. ಆದರೆ ಇದನ್ನು ಗುರಿ ಹೊಡೆಯಲು ಕಲಿಯಬೇಕು. ಪಿಸ್ಟನ್ ಹೊರಟಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ಬಡಿದಾಗ ಮುಂದಕ್ಕೆ ಜಿಗಿಯುತ್ತದೆ, ಇದೆಲ್ಲ ಪೆಲೆಟ್ ನಳಿಗೆ ಬಿಡುವ ಹೊತ್ತಿಗೇ ನಡೆಯುತ್ತದೆ. ಗಟ್ಟಿಯಾಗಿ ಹಿಡಿದರೆ ಒಂದು ಕಡೆ ಬೀಳುತ್ತದೆ, ಸಡಿಲ ಹಿಡಿದರೆ ಇನ್ನೊಂದು ಕಡೆ. ನಾನು ಹುಡುಗರಿಗೆ ಹೇಳುವುದು ಇಷ್ಟೇ, ಎಡಗೈ ಅಂಗೈ ಬಿಚ್ಚಿ ಅದರ ಮೇಲೆ ರೈಫಲ್ ಮಲಗಿಸು, ಹಿಡಿಯಬೇಡ. ಪ್ರತಿ ಸಲ ಅದೇ ಜಾಗದಲ್ಲಿ ಮಲಗಿಸು. ಕಲ್ಲಿನ ಮೇಲೋ ಕಿಟಕಿ ಚೌಕಟ್ಟಿನ ಮೇಲೋ ನೇರ ಇಟ್ಟು ಹೊಡೆದರೆ ಗುರಿ ಹಾರುತ್ತದೆ, ನಡುವೆ ನಿಮ್ಮ ಕೈ ಇರಲಿ.

ಗ್ಯಾಸ್ ರ‍್ಯಾಮ್ ಅಂದರೆ ಸ್ಪ್ರಿಂಗ್ ಜಾಗದಲ್ಲಿ ಮುಚ್ಚಿದ ಗ್ಯಾಸ್ ಸಿಲಿಂಡರ್. ಕಾರಿನ ಡಿಕ್ಕಿ ಬಾಗಿಲು ಮೇಲೆ ಎತ್ತಿ ನಿಲ್ಲಿಸುವ ಕೊಳವೆ ಇರುತ್ತಲ್ಲ, ಅದೇ ತತ್ವ. ಝಣ್ ಅನ್ನುವ ಸದ್ದು ಇಲ್ಲ, ನಡುಕ ಕಡಿಮೆ. ಸ್ಪ್ರಿಂಗ್ ರೈಫಲ್ಲನ್ನು ಗಂಟೆಗಟ್ಟಲೆ ಎಳೆದಿಟ್ಟರೆ ಸ್ಪ್ರಿಂಗ್ ಸೋಲುತ್ತದೆ, ಇದಕ್ಕೆ ಆ ಭಯ ಅಷ್ಟಿಲ್ಲ. ಹಾಗಂತ ಲೋಡ್ ಮಾಡಿ ಇಟ್ಟುಕೊಂಡು ಕೂರುವುದು ಯಾವ ಬಂದೂಕಿನಲ್ಲೂ ಒಳ್ಳೇದಲ್ಲ. ತೊಂದರೆ ಏನೆಂದರೆ ಎಳೆಯಲು ಬಿಗಿ, ಮತ್ತು ಗ್ಯಾಸ್ ಹೋಯಿತು ಅಂದರೆ ನಾನು ರಿಪೇರಿ ಮಾಡಲಾಗುವುದಿಲ್ಲ, ಇಡೀ ರ‍್ಯಾಮ್ ಬದಲಿಸಬೇಕು. ಸ್ಪ್ರಿಂಗ್ ಮುರಿದರೆ ಹೊಸದು ಹಾಕಿ ಅದೇ ದಿನ ಕೊಡುತ್ತೇನೆ.

ಪಿಸಿಪಿ ನಿಜಕ್ಕೂ ಒಳ್ಳೆಯ ಯಂತ್ರ, ಸುಳ್ಳು ಹೇಳುವುದಿಲ್ಲ. ಟ್ಯಾಂಕಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ, ಟ್ರಿಗರ್ ಒತ್ತಿದಾಗ ಅದರಲ್ಲಿ ಒಂದಿಷ್ಟು ಹೊರಬಿದ್ದು ಪೆಲೆಟ್ಟನ್ನು ತಳ್ಳುತ್ತದೆ. ಒದೆತ ಇಲ್ಲವೇ ಇಲ್ಲ ಅನ್ನಬಹುದು. ಹೊಸಬರೂ ಮೊದಲ ದಿನವೇ ಚೆನ್ನಾಗಿ ಹೊಡೆಯುತ್ತಾರೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯಲ್ಲಿ ಎಲ್ಲರ ಕೈಯಲ್ಲೂ ಇರುವುದು ಒತ್ತಿದ ಗಾಳಿಯ ರೈಫಲ್ಲೇ. ಆದರೆ ಆ 200 ಬಾರ್ ಗಾಳಿ ಎಲ್ಲಿಂದ ಬರಬೇಕು? ಕಾರಿನ ಟೈರಿಗೆ 32 ಪಿಎಸ್‌ಐ ಹಾಕಿಸುತ್ತೇವೆ, ಇದಕ್ಕೆ 2,900 ಪಿಎಸ್‌ಐ ಬೇಕು. ಪಂಚರ್ ಅಂಗಡಿಯಲ್ಲಿ ಆಗುವ ಕೆಲಸ ಅಲ್ಲ. ವಿಶೇಷ ಕೈಪಂಪ್ ಬೇಕು, ಅದರ ದುಡ್ಡು ಬೇರೆ. ಕೊನೆಯ ಹತ್ತು ಹದಿನೈದು ಎಳೆತಕ್ಕೆ ನಿಮ್ಮ ಮೈಯ ಭಾರ ಪೂರ್ತಿ ಹಾಕಬೇಕು. ಪಂಪಿನೊಳಗೆ ತೇವ ಹೋದರೆ ಟ್ಯಾಂಕ್ ಒಳಗೆ ತುಕ್ಕು. ಧೂಳು ಹೋದರೆ ಓ ರಿಂಗ್, ಅಂದರೆ ಗಾಳಿ ತಡೆಯುವ ರಬ್ಬರ್ ಉಂಗುರ ಕಡಿದು ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಶೇಂಗಾ ಒಕ್ಕುವ ಕಾಲದಲ್ಲಿ ನಮ್ಮ ಕಣದ ಧೂಳು ಹೇಗಿರುತ್ತದೆ ಅಂತ ನಿಮಗೆ ಗೊತ್ತು.

ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪಿಸಿಪಿ ಇರುವವರು ಯಾರಾದರೂ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್‌ನಿಂದ ತುಂಬಿಸಿಕೊಳ್ಳೋಣ ಅಂದರೆ ತಡೆಯಿರಿ. ಹೆಚ್ಚಿನ ಒತ್ತಡದ ಆಕ್ಸಿಜನ್‌ಗೆ ಒಂದು ಹನಿ ಎಣ್ಣೆ, ಗ್ರೀಸ್ ತಗುಲಿದರೂ ಸಿಡಿಯುತ್ತದೆ. ನನ್ನ ಹತ್ತಿರ ಒಬ್ಬ ಹುಡುಗ ಹೀಗೆ ತುಂಬಿಸಿಕೊಂಡೇ ಬಂದಿದ್ದ. ಅಂಗಡಿಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ ನಿಧಾನಕ್ಕೆ ಗಾಳಿ ಬಿಟ್ಟೆ, ಮುಗಿಯುವವರೆಗೆ ನನ್ನ ಕೈ ನಡುಗುತ್ತಿತ್ತು.

ಹಾಗಾಗಿ ನಿಮ್ಮ ಕೆಲಸಕ್ಕೆ ನನ್ನ ಸಲಹೆ: .177 ಅಳತೆಯ, ಮಧ್ಯಮ ಶಕ್ತಿಯ, 10ರಿಂದ 15 ಜೌಲ್‌ನ ಬ್ರೇಕ್ ಬ್ಯಾರೆಲ್ (ನಳಿಗೆ ಬಗ್ಗಿಸಿ ಎಳೆಯುವ) ಸ್ಪ್ರಿಂಗ್ ಅಥವಾ ಗ್ಯಾಸ್ ರ‍್ಯಾಮ್ ರೈಫಲ್. ನಮ್ಮ ದೇಶದಲ್ಲೇ ತಯಾರಾಗುವವು ಸಾಕು, ಬಿಡಿಭಾಗ ಸಿಗುತ್ತವೆ. ಆಧಾರ್ ಪ್ರತಿ ಕೊಟ್ಟು ಬಿಲ್ ತಗೊಂಡು ಖರೀದಿಸಿ, ಬಿಲ್‌ನಲ್ಲಿ ರೈಫಲ್‌ನ ನಂಬರ್ ಇರಲಿ, ಆ ಬಿಲ್ ಜೋಪಾನ.

ಡಬ್ಬಿಯ ಮೇಲೆ "1000 ಎಫ್‌ಪಿಎಸ್" ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ, ಅದಕ್ಕೆ ಮರುಳಾಗಬೇಡಿ. ಲೆಕ್ಕ ಹಾಕಿ ನೋಡಿ. ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಅಡಿ ಅನ್ನುವುದು, ಸಾವಿರ ಅಡಿ ಅಂದರೆ 305 ಮೀಟರ್. 0.53 ಗ್ರಾಂ ಪೆಲೆಟ್ ಆ ವೇಗದಲ್ಲಿ ಹೋದರೆ 24 ಜೌಲ್ ದಾಟುತ್ತದೆ, ಅಂದರೆ ಲೈಸೆನ್ಸ್ ಇಲ್ಲದೆ ಮಾರುವ ಹಾಗೇ ಇಲ್ಲ. ಹಾಗಾದರೆ ಅದು ಹೇಗೆ ಬಂತು? ಸೀಸಕ್ಕಿಂತ ತುಂಬ ಹಗುರವಾದ ಮಿಶ್ರಲೋಹದ ಪೆಲೆಟ್ ಹಾಕಿ ಅಳೆದ ವೇಗ ಅದು. ಆ ಹಗುರ ಪೆಲೆಟ್ ಗಾಳಿಯಲ್ಲಿ ಬೇಗ ಸೋಲುತ್ತದೆ, ಗುರಿಯೂ ಕೆಡುತ್ತದೆ. ವೇಗದ ಅಂಕಿಗೆ ದುಡ್ಡು ಕೊಡಬೇಡಿ, ಟ್ರಿಗರ್ ಮೆತ್ತಗಿದೆಯೇ, ನಳಿಗೆಯ ಕೀಲು ಅಲುಗಾಡುತ್ತಿದೆಯೇ ನೋಡಿ. ನಳಿಗೆ ಮುಚ್ಚಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ಬೇರೆ ರೈಫಲ್ ಕೇಳಿ. "ಸ್ಪ್ರಿಂಗ್ ಬದಲಿಸಿ ಪವರ್ ಜಾಸ್ತಿ ಮಾಡಿಕೊಡಿ" ಅಂತ ಬರುವವರಿಗೆ ನಾನು ಮಾಡಿಕೊಡುವುದಿಲ್ಲ. ಮಿತಿ ದಾಟುವುದು ಒಂದು ಕಡೆ, ಇರುವ ಗುರಿಯೂ ಹೋಗುತ್ತದೆ.

ಯೂಟ್ಯೂಬ್‌ನಲ್ಲಿ ಇಂಗ್ಲೆಂಡಿನವರು ಮೊಲ, ಪಾರಿವಾಳ ಹೊಡೆಯುವುದನ್ನು ನೋಡಿ ಬಹಳ ಜನ ಬರುತ್ತಾರೆ. ಅಲ್ಲಿಯ ಮಿತಿ ನಮಗಿಂತ ಕಡಿಮೆ, 12 ಫುಟ್ ಪೌಂಡ್, ಅಂದರೆ 16 ಜೌಲ್. ಆದರೂ ಅವರು ಹೊಡೆಯುತ್ತಾರೆ, ಯಾಕೆಂದರೆ ಅಲ್ಲಿಯ ಕಾನೂನು ಬೇರೆ, ಹೊಡೆಯುವ ದೂರ 25-30 ಮೀಟರ್ ಒಳಗೆ. ಅಮೆರಿಕದವರು ಏರ್ ಗನ್ನಿನಲ್ಲೇ ಹಂದಿ ಬೀಳಿಸುವ ವೀಡಿಯೊ ಇವೆ. ಅದು .45ರಂಥ ದಪ್ಪ ನಳಿಗೆ, ನೂರಾರು ಜೌಲ್, ನಮ್ಮಲ್ಲಿ ಸಿಗುವ ಸಾಮಾನಿಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ನಿಮ್ಮ ಗೆಳೆಯ ನೋಡಿದ್ದು ಅದೇ ಇರಬೇಕು.

ರೈಫಲ್‌ಗಿಂತ ಪೆಲೆಟ್ ಮುಖ್ಯ ಅಂದರೆ ನಂಬುವುದು ಕಷ್ಟ, ಆದರೆ ನಿಜ. ಹೋದ ತಿಂಗಳು ಒಂದು ಮಾಮೂಲಿ ಸ್ಪ್ರಿಂಗ್ ರೈಫಲ್ಲನ್ನು 20 ಮೀಟರಿಗೆ ಕಟ್ಟಿ ಹೊಡೆದು ನೋಡಿದೆ. ಅಗ್ಗದ ಡಬ್ಬಿಯ ಐದು ಪೆಲೆಟ್ ಒಂದು ಲೋಟದ ಬಾಯಿಯಷ್ಟು ಜಾಗದಲ್ಲಿ ಚೆಲ್ಲಾಡಿದವು. ಅದೇ ರೈಫಲ್, ಅದೇ ಕೈ, ಒಳ್ಳೆಯ ಪೆಲೆಟ್ ಹಾಕಿದೆ, ಐದೂ ಒಂದು ಅಂಗಿ ಗುಂಡಿಯ ಕೆಳಗೆ ಮುಚ್ಚಿಹೋಗುವ ಹಾಗೆ ಬಿದ್ದವು. ಕಾರಣ ಕಣ್ಣಿಗೇ ಕಾಣುತ್ತದೆ. ಅಗ್ಗದ ಪೆಲೆಟ್ಟನ್ನು ಅಂಗೈಯಲ್ಲಿ ಹಾಕಿ ಬಿಸಿಲಿಗೆ ಹಿಡಿದು ನೋಡಿ, ಹಿಂದಿನ ಲಂಗದಂಥ ಅಂಚು ಒಂದೊಂದರದ್ದು ಒಂದೊಂದು ಕಡೆ ನೆಗ್ಗಿರುತ್ತದೆ, ಉಗುರು ತಾಗಿಸಿದರೆ ಸೀಸದ ಚೂರು ಏಳುತ್ತದೆ. ಆ ಅಂಚೇ ನಳಿಗೆಯ ಗೆರೆಗಳಿಗೆ ಕಚ್ಚಿ ಗಾಳಿ ಸೋರದ ಹಾಗೆ ತಡೆಯಬೇಕು. ನೆಗ್ಗಿದ್ದು ಹೇಗೆ ತಡೆಯುತ್ತದೆ? ಗುಂಡು ತಲೆಯ ಪೆಲೆಟ್ ತಗೊಳ್ಳಿ. ಚಪ್ಪಟೆ ತಲೆಯದು ಕಾಗದದ ಗುರಿಗೆ ಚೆಂದ, ಹತ್ತು ಹನ್ನೆರಡು ಮೀಟರ್ ಒಳಗೆ ಇಲಿಗೂ ಆದೀತು. ಚೂಪು ತಲೆಯದು ನೋಡಲು ಜೋರು, ಗುರಿಯಲ್ಲಿ ಹಿಂದೆ. ಉಕ್ಕಿನ ಗೋಲಿ ಹಾಕಲೇಬೇಡಿ, ನಳಿಗೆಯ ಗೆರೆ ಸವೆಯುತ್ತದೆ, ಕಲ್ಲಿಗೆ ಬಡಿದು ತಿರುಗಿ ನಿಮ್ಮ ಕಡೆಗೇ ಬರುತ್ತದೆ.

ದೂರದ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿ 25 ಮೀಟರಿಗೆ ಗುರಿ ಕೂಡಿಸಿದ್ದೀರಿ ಅಂದುಕೊಳ್ಳಿ. 10 ಮೀಟರಿನಲ್ಲಿ ಪೆಲೆಟ್ ಸುಮಾರು ಒಂದು ಸೆಂ.ಮೀ. ಕೆಳಗೆ ಬೀಳುತ್ತದೆ, ಯಾಕೆಂದರೆ ಸ್ಕೋಪ್ ನಳಿಗೆಗಿಂತ ನಾಲ್ಕು ಸೆಂ.ಮೀ. ಮೇಲಿದೆ. 40 ಮೀಟರಿನಲ್ಲಿ ಐದು ಸೆಂ.ಮೀ. ಕೆಳಗೆ ಬೀಳುತ್ತದೆ. ಇಲಿಯ ತಲೆಗೆ ಇಟ್ಟದ್ದು ಕಾಲಿಗೂ ತಾಗುವುದಿಲ್ಲ. ಮೇಲೆ ಗಾಳಿ. ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ, ನಮ್ಮ ಬಯಲುಸೀಮೆಯ ಆಷಾಢದ ಗಾಳಿಯಲ್ಲಿ ಅರ್ಧ ಗ್ರಾಂ ಸೀಸ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಗೋದಾಮಿಗೆ ಅಂತ ತಗೊಂಡರೆ 12 ಮೀಟರಿಗೆ ಗುರಿ ಕೂಡಿಸಿ, ಮುಗಿಯಿತು. ಸ್ಕೋಪ್ ತಗೊಳ್ಳುವಾಗ ಏರ್ ಗನ್‌ಗೇ ಮಾಡಿದ್ದು ಅಂತ ಕೇಳಿ ತಗೊಳ್ಳಿ, ಹಿಂದಕ್ಕೂ ಮುಂದಕ್ಕೂ ಒದೆಯುವ ರೈಫಲ್ ಮೇಲೆ ಬೇರೆ ಸ್ಕೋಪಿನ ಒಳಗಿನ ಗಾಜು ಸಡಿಲವಾಗುತ್ತದೆ.

ಗೋದಾಮಿನಲ್ಲಿ ಹೊಡೆಯುವಾಗ ನನಗೆ ದೊಡ್ಡ ಚಿಂತೆ ಪೆಲೆಟ್ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದು. ಚೀಲದ ನಿಟ್ಟಿನ ಕಡೆಗೆ ಹೊಡೆಯಬೇಡಿ, ತಪ್ಪಿದ ಸೀಸ ನೀವು ತಿನ್ನುವ, ಮಾರುವ ಕಾಳಿನೊಳಗೆ ಹೋಗುತ್ತದೆ. ಕಲ್ಲಿನ ಗೋಡೆ, ತಗಡು, ಸಿಮೆಂಟ್ ನೆಲ ಇವಕ್ಕೆ ಬಡಿದರೆ ಪುಟಿಯುತ್ತದೆ. ಇಲಿ ಗೋಡೆ ಹಿಡಿದೇ ಓಡಾಡುತ್ತದೆ, ಅದರ ದಾರಿಯಲ್ಲಿ ಎಣ್ಣೆ ಜಿಡ್ಡಿನಂಥ ಕಪ್ಪು ಗೆರೆ ಕಾಣುತ್ತದೆ. ಆ ದಾರಿಯ ತುದಿಯಲ್ಲಿ ಮಣ್ಣು ತುಂಬಿದ ಎರಡು ಚೀಲ ಇಟ್ಟು, ಅದರ ಮುಂದೆ ನಾಲ್ಕು ಕಾಳು ಶೇಂಗಾ ಹಾಕಿ, ಅಲ್ಲಿಗೆ ಬಂದದ್ದನ್ನು ಮಾತ್ರ ಹೊಡೆಯಿರಿ. ಕೆಂಪು ಬೆಳಕಿನ ಟಾರ್ಚ್ ಇದ್ದರೆ ಇಲಿ ಅಷ್ಟು ಬೆದರುವುದಿಲ್ಲ. ಆಚೆ ದನ ಕಟ್ಟಿದ್ದೀರಾ, ಅಂಗಳದಲ್ಲಿ ಯಾರಾದರೂ ಮಲಗಿದ್ದಾರಾ ನೋಡಿಕೊಳ್ಳಿ. ತಪ್ಪಿದ ಪೆಲೆಟ್ ಬಯಲಿನಲ್ಲಿ ಇನ್ನೂರು ಮುನ್ನೂರು ಮೀಟರ್ ಹೋಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ಕನ್ನಡಕ ಹಾಕಿಕೊಳ್ಳಿ. ಸತ್ತ ಇಲಿ ಹೂಳಿ, ನಾಯಿ ಬೆಕ್ಕಿಗೆ ಹಾಕಬೇಡಿ. ಪೆಲೆಟ್ ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುಟ್ಟಬೇಡಿ.

ಇಷ್ಟು ಹೇಳಿದರೂ ಒಂದು ಸತ್ಯ ಇದೆ. ಬಂದೂಕಿನಿಂದ ಇಲಿ ಮುಗಿಯುವುದಿಲ್ಲ. ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೇಳು. ನೀವು ರಾತ್ರಿಗೆ ಐದು ಹೊಡೆದರೆ ಸಮಾಧಾನ ಸಿಗುತ್ತದೆ ಅಷ್ಟೇ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಎರಡು ಅಡಿ ಬಿಟ್ಟು ಇಡಿ. ಬಾಗಿಲ ಕೆಳಗಿನ ಸಂದಿಗೆ ತಗಡು ಬಡಿಯಿರಿ. ಹೊಲದಲ್ಲಿ ಸಂಜೆ ಎಲ್ಲ ಬಿಲ ಮುಚ್ಚಿ, ಬೆಳಗ್ಗೆ ತೆರೆದಿರುವವನ್ನು ಎಣಿಸಿ, ಅವೇ ಇಲಿ ಇರುವ ಬಿಲ. ಎರಡು ದಿನ ಬರೀ ಎಣ್ಣೆ ಸವರಿದ ನುಚ್ಚು ಇಟ್ಟು ರುಚಿ ಹತ್ತಿಸಿ, ಮೂರನೇ ದಿನ 96 ಪಾಲು ನುಚ್ಚಿಗೆ 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್ ಕಲಸಿ ಹತ್ತು ಗ್ರಾಂನ ಪೊಟ್ಟಣ ಬಿಲದೊಳಗೆ ಇಟ್ಟು ಮುಚ್ಚಿ. ಗ್ಲೌಸ್ ಹಾಕಿಕೊಂಡೇ ಮಾಡಿ, ಕೋಲಿನಿಂದ ಕಲಸಿ, ಮಕ್ಕಳು, ಕೋಳಿ, ಕುರಿ ಹತ್ತಿರ ಬರದಂತೆ ನೋಡಿಕೊಳ್ಳಿ. ಅಕ್ಕಪಕ್ಕದ ಹೊಲದವರೂ ಅದೇ ದಿನ ಇಟ್ಟರೆ ಮಾತ್ರ ಉಪಯೋಗ. ಕೆರೆಹಾವು ಕಂಡರೆ ಬಿಡಿ, ಗೂಗೆ ಕೂರಲು ಹೊಲದಲ್ಲಿ ನಾಲ್ಕು ಗೂಟ ನೆಡಿ. ಅವು ಮಾಡುವ ಕೆಲಸ ಯಾವ ರೈಫಲ್ಲೂ ಮಾಡುವುದಿಲ್ಲ.

ಕೈಯಲ್ಲಿ ಉಳಿಯುವ ದುಡ್ಡನ್ನು ಹಂದಿಗೆ, ಗಿಳಿಗೆ ಇಡಿ. ಹಂದಿಗೆ ಸೋಲಾರ್ ಬೇಲಿ, ಒಳ್ಳೆಯ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ಕರೆಂಟ್ ಹೊಡೆಸುವ ಪೆಟ್ಟಿಗೆ) ಇರುವಂಥದ್ದು. ಕೆಳಗಿನ ತಂತಿ ನೆಲದಿಂದ ಒಂದು ಗೇಣು ಮೇಲಿರಲಿ, ಕಸ ತಾಗದ ಹಾಗೆ ಹದಿನೈದು ದಿನಕ್ಕೊಮ್ಮೆ ಸವರಬೇಕು, ಇಲ್ಲದಿದ್ದರೆ ಕರೆಂಟ್ ಎಲ್ಲ ಹುಲ್ಲಿಗೆ ಇಳಿಯುತ್ತದೆ. ಮನೆಯ ಲೈನಿನಿಂದ ನೇರ ತಂತಿ ಎಳೆಯುವುದು ಮಾತ್ರ ಕೊಲೆಗೆ ಸಮ, ನಮ್ಮ ಕಡೆ ಎಷ್ಟು ಮನೆ ಇದರಿಂದ ಹಾಳಾಗಿವೆ. ಗೋವಿನಜೋಳದ ಸುತ್ತ ನಾಲ್ಕು ಸಾಲು ಔಡಲ ಹಾಕಿ, ಹಿಂಗಾರಿಯಲ್ಲಿ ಕಡಲೆ, ಜೋಳ ಇದ್ದರೆ ಸುತ್ತ ಮುಳ್ಳಿನ ಕುಸುಬೆ. ನಮ್ಮ ಹಿರಿಯರು ಕುಸುಬೆ ಸಾಲು ಹಾಕಿದ್ದು ಎಣ್ಣೆಗಷ್ಟೇ ಅಲ್ಲ. ಗಿಳಿಗೆ ಮಿಂಚುವ ರಿಬ್ಬನ್ ಕಟ್ಟಿ, ಗಾಳಿಗೆ ಅದು ಗುಂಯ್ ಅನ್ನಬೇಕು. ಬದುವಿನ ಪಕ್ಕದ ನಾಲ್ಕೈದು ಸಾಲಿನ ತೆನೆಗೆ ಗೋವಿನಜೋಳದ ಎಲೆಯನ್ನೇ ಸುತ್ತಿ ಕಟ್ಟಿ. ಕೆಲಸ ಜಾಸ್ತಿ, ಆದರೆ ಗಿಳಿ ಅಂಚಿನಿಂದಲೇ ಶುರು ಮಾಡುತ್ತದೆ, ಅಲ್ಲಿ ಸಿಗದಿದ್ದರೆ ಬೇರೆ ಕಡೆ ಹೋಗುತ್ತದೆ. ಚಿಗರಿಯಿಂದ, ಹಂದಿಯಿಂದ ಬೆಳೆ ಹೋದರೆ ಅದೇ ದಿನ ಫೋಟೋ ತೆಗೆಯಿರಿ, ಹೆಜ್ಜೆ ಗುರುತೂ ಬರಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಪರಿಹಾರದ ಅರ್ಜಿ ಕೊಡಿ. ಬೆಳೆ ತೆಗೆದ ಮೇಲೆ ಹೋದರೆ ಅವರು ನೋಡಲು ಏನೂ ಉಳಿದಿರುವುದಿಲ್ಲ.

ರೈಫಲ್ ತಂದ ಮೇಲೆ ಮೂರು ತಪ್ಪು ಮಾಡಬೇಡಿ, ನನ್ನ ಹತ್ತಿರ ಬರುವ ರಿಪೇರಿಗಳಲ್ಲಿ ಹೆಚ್ಚಿನವು ಇವೇ. ಪೆಲೆಟ್ ಹಾಕದೆ ಖಾಲಿ ಹೊಡೆಯಬೇಡಿ, ಪಿಸ್ಟನ್ ಗೋಡೆಗೆ ಗುದ್ದಿದ ಹಾಗೆ ಗುದ್ದಿ ಸೀಲ್ ಒಡೆಯುತ್ತದೆ. ಒಳಗೆ ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಬಿಡಬೇಡಿ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಹೊತ್ತಿಕೊಂಡು ಢಂ ಅನ್ನುತ್ತದೆ, ಹೊಗೆ ಬರುತ್ತದೆ, ಪವರ್ ಜಾಸ್ತಿ ಆಯ್ತು ಅಂತ ಖುಷಿ ಪಡುತ್ತಾರೆ, ತಿಂಗಳಲ್ಲಿ ಸೀಲ್ ಸುಟ್ಟು ಸ್ಪ್ರಿಂಗ್ ಮುರಿದಿರುತ್ತದೆ. ಮೂರನೆಯದು, ನಳಿಗೆ ಬಗ್ಗಿಸಿ ಪೆಲೆಟ್ ಹಾಕುವಾಗ ಇನ್ನೊಂದು ಕೈಯಿಂದ ನಳಿಗೆಯನ್ನು ಬಿಡಲೇಬೇಡಿ. ಆಗ ಟ್ರಿಗರ್ ತಾಗಿದರೆ ನಳಿಗೆ ಚಿಮ್ಮಿ ಮುಚ್ಚಿಕೊಳ್ಳುತ್ತದೆ, ನಡುವೆ ಬೆರಳಿದ್ದರೆ ಬೆರಳು ಹೋಗುತ್ತದೆ. ಬೆರಳು ಉಳಿದರೂ ನಳಿಗೆ ಮೇಲಕ್ಕೆ ಬಾಗಿರುತ್ತದೆ, ಅದನ್ನು ನೆಟ್ಟಗೆ ಮಾಡಿ ಮತ್ತೆ ಗುರಿಗೆ ತರುವುದು ನನ್ನಿಂದ ಆಗುವುದಿಲ್ಲ. ಹೊಸ ರೈಫಲ್‌ನಲ್ಲಿ ಮೊದಲ ನೂರು ಹೊಡೆತ ಕಾಗದಕ್ಕೇ ಹೊಡೆಯಿರಿ, ನಡುವೆ ಇಪ್ಪತ್ತೈದಕ್ಕೊಮ್ಮೆ ಹಿಡಿಯ ಸ್ಕ್ರೂ, ಸ್ಕೋಪಿನ ಸ್ಕ್ರೂ ಬಿಗಿ ಮಾಡುತ್ತಾ ಇರಿ. ಆ ಕಾಗದ ಎಸೆಯಬೇಡಿ. ಗುರಿ ಕೂಡುತ್ತಿಲ್ಲ ಅನ್ನಿಸಿದರೆ ರೈಫಲ್ ಜೊತೆ ಆ ಕಾಗದ, ಪೆಲೆಟ್ ಡಬ್ಬಿ ಎರಡನ್ನೂ ರಿಪೇರಿಯವರ ಹತ್ತಿರ ತಗೊಂಡು ಹೋಗಿ, ತೂತು ಬಿದ್ದ ರೀತಿ ನೋಡಿದರೆ ತಪ್ಪು ಎಲ್ಲಿದೆ ಅಂತ ಅರ್ಧ ಅಲ್ಲೇ ಗೊತ್ತಾಗುತ್ತದೆ.